ಉಸಿರು ಬಿಟ್ಟ ಕಾರು

2025ರ ಅಕ್ಟೋಬರ್ 9, ಗುರುವಾರ. ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಹಳೇಬೀಡು ಠಾಣೆಯ ಮೆಟ್ಟಿಲು ಹತ್ತಿ ಬಂದ ಹೆಂಗಸು ಕುರ್ಚಿ ಕೊಟ್ಟರೂ ಕೂರಲಿಲ್ಲ. ಹೆಸರು ಪದ್ಮಲತಾ, ಐವತ್ತೆಂಟು ವರ್ಷ, ಬಸದಿ ಕಡೆಯ ಬೀದಿಯವರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು.

"ನನ್ನ ಗಂಡ ಉಸಿರು ಬಿಟ್ಟರು," ಅಂದರು.

ಇನ್‌ಸ್ಪೆಕ್ಟರ್ ಉಮಾಶಂಕರ್ ಪೆನ್ನಿನ ಮುಚ್ಚಳ ತೆಗೆದ. "ಎಷ್ಟು ಹೊತ್ತಿಗೆ ತೀರಿಕೊಂಡ್ರು?"

"ತೀರಿಕೊಂಡು ಆರು ವರ್ಷ ಆಗ್ತಾ ಬಂತು. ಉಸಿರು ಬಿಟ್ಟಿದ್ದು ಇವತ್ತು, ಎರಡು ಗಂಟೆಗೆ. ಕಾರಿನ ಶೆಡ್ಡಿನಲ್ಲಿ."

ಉಮಾಶಂಕರನ ಸಿಟ್ಟು ಮೂಗಿನ ತುದಿಯಲ್ಲೇ ಇರುವಂಥದ್ದು. ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ಬಾಗಿಲ ಬಳಿ ನಿಂತಿದ್ದ ಹೆಡ್ ಕಾನ್‌ಸ್ಟೇಬಲ್ ಪುಷ್ಪರಾಜ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡ.

"ನಗಬೇಡಿ," ಅಂದರು ಪದ್ಮಲತಾ. "ನಾನು ಗಣಿತದವಳು. ದೆವ್ವ ಬಂತು ಅಂತ ಹೇಳೋಕೆ ನಿಮ್ಮ ಹತ್ತಿರ ಬರಲಿಲ್ಲ. ಯಾರು ಅಂತ ಹುಡುಕಿ ಕೊಡಿ ಅನ್ನೋಕೆ ಬಂದೆ."

ಅವರ ಗಂಡ ವರ್ಧಮಾನ್ ಅವರಿಗೆ ಉಬ್ಬಸವಿತ್ತು. ಉಸಿರು ಬಿಟ್ಟರೆ ಉದ್ದಕ್ಕೆ ಸೀಟಿ ಹೊಡೆದಂತೆ ಕೇಳುತ್ತಿತ್ತಂತೆ. ಇವತ್ತು ಊಟ ಮುಗಿಸಿ ಕೂತಿದ್ದಾಗ ಹಿತ್ತಲ ಶೆಡ್ಡಿನಿಂದ ಅದೇ ಸದ್ದು. ಒಂದು ಸಲ, ಸ್ವಲ್ಪ ಬಿಟ್ಟು ಇನ್ನೊಂದು ಸಲ, ಮತ್ತೆ ಮೂರನೇ ಸಲ. ಎದ್ದು ಹೋಗಿ ನೋಡುವಷ್ಟರಲ್ಲಿ ಶೆಡ್ಡಿನಲ್ಲಿ ನರಪಿಳ್ಳೆ ಇರಲಿಲ್ಲ. ಗಂಡನ ಕಾರು ಮೂರು ಕಾಲು ಮುರಿದ ದನದ ಹಾಗೆ ಕುಸಿದು ಕೂತಿತ್ತು.

ನಾಲ್ಕು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ಶೀಟು ಹೊದಿಸಿದ ಶೆಡ್ಡು, ಬಾಗಿಲಿಗೆ ಚಿಲಕ ಮಾತ್ರ, ಬೀಗವಿಲ್ಲ. ಬಿಳಿ ಕಾರು. ಆರು ವರ್ಷದಿಂದ ಆಯುಧ ಪೂಜೆಯ ದಿನ ಬಸದಿಯ ತನಕ ಹೋಗಿ ಬರುವುದು ಬಿಟ್ಟರೆ ಹೊರಗೆ ಹೋದದ್ದಿಲ್ಲ. ಮೂರು ಟೈರುಗಳ ಪಕ್ಕಗಳನ್ನು ಯಾರೋ ಕೊಯ್ದಿದ್ದರು. ನಾಲ್ಕನೆಯದು, ಹಿಂದಿನ ಎಡಗಡೆಯದು, ಮುಟ್ಟಿರಲಿಲ್ಲ. ಕೊಯ್ದ ಒಂದೊಂದು ಚಕ್ರದ ಮುಂದೂ ಕುಂಕುಮ ಹಚ್ಚಿದ ಇಡೀ ನಿಂಬೆಹಣ್ಣು. ಟೈರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಸಣ್ಣ ಸುತ್ತು.

"ನಿಂಬೆಹಣ್ಣು ನೀವು ಇಟ್ಟಿದ್ದಾ?" ಉಮಾಶಂಕರ್ ಕೇಳಿದ.

"ನಮ್ಮ ಮನೇಲಿ ಪೂಜೆಗೆ ಹಣ್ಣು ತುಳಿಸೋ ಪದ್ಧತಿ ಇಲ್ಲ. ಹೂವು, ದೀಪ, ಅಷ್ಟೇ."

"ಹಗೆ ಯಾರಿದ್ದಾರೆ?"

"ನನ್ನ ಹತ್ತಿರ ಲೆಕ್ಕದಲ್ಲಿ ಫೇಲಾದವರು ಬಿಟ್ಟರೆ ಯಾರೂ ಇಲ್ಲ."

ಶೆಡ್ಡಿನ ಬಾಗಿಲಲ್ಲೇ ಕಂದು ನಾಯಿಯೊಂದು ನಿಂತಿತ್ತು. ಪೊಲೀಸರು ಬಂದಾಗಿನಿಂದ ಗಂಟಲು ಹರಿಯುವ ಹಾಗೆ ಬೊಗಳುತ್ತಿತ್ತು. "ಎರಡು ಗಂಟೆಗೆ ಇದು ಬೊಗಳಿತಾ?" ಎಂದು ಕೇಳಿದವಳು ಮಹಿಳಾ ಕಾನ್‌ಸ್ಟೇಬಲ್ ದರ್ಶಿನಿ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ.

ಪದ್ಮಲತಾ ಸ್ವಲ್ಪ ಹೊತ್ತು ನಾಯಿಯನ್ನೇ ನೋಡಿದರು. "ಇಲ್ಲ," ಅಂದರು. ಆಮೇಲೆ ದನಿ ಇಳಿಸಿ, "ಆ ಸುತ್ತಿನ ಒಳಗೆ ನೋಡಿ," ಅಂದರು.

ದರ್ಶಿನಿ ಮೊಬೈಲಿನ ಬೆಳಕು ಬಿಟ್ಟು ಕೂತು ನೋಡಿದಳು. ರಬ್ಬರಿನ ಮೇಲೇ ಅಚ್ಚೊತ್ತಿದ ನಾಲ್ಕು ಅಂಕಿ. 1612. ಕೊಯ್ದ ಮೂರರಲ್ಲೂ ಅದೇ.

"ಡಿಸೆಂಬರ್ ಹದಿನಾರು," ಅಂದರು ಪದ್ಮಲತಾ. "ಅವರು ಹೋದ ದಿನ. ಹದಿಮೂರು ವರ್ಷದಿಂದ ಈ ಕಾರು ನಮ್ಮ ಮನೇಲಿದೆ ಸಾರ್. ಆ ದಿನಾಂಕ ಅದರ ಮೈಮೇಲೆ ಮೊದಲೇ ಇತ್ತು."

ಇಪ್ಪತ್ತೊಂದು ವರ್ಷದ ಸರ್ವಿಸಿನಲ್ಲಿ ಉಮಾಶಂಕರ್ ಹೆಣಗಳನ್ನು ಕಂಡವನು, ಬಾವಿಯಿಂದ ಎತ್ತಿಸಿದವನು. ಆದರೂ ಶೆಡ್ಡಿನ ಒಳಗೆ ಬೆನ್ನು ತಣ್ಣಗಾಯಿತು. ಹಾಗಾದದ್ದಕ್ಕೇ ಇನ್ನಷ್ಟು ರೇಗಿತು. "ಬರ್ಕೊಳ್ರೀ ಪುಷ್ಪರಾಜ್, ಏನ್ ಬಾಯಿ ಬಿಟ್ಕೊಂಡು ನಿಂತಿದ್ದೀರಿ!" ಎಂದು ಅರಚಿದ.

ಸಂಜೆ 6.15ಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 329(4) ಮತ್ತು 324. ಅತಿಕ್ರಮ ಪ್ರವೇಶ, ಸ್ವತ್ತಿಗೆ ಹಾನಿ.

ಸಹಿ ಹಾಕುವಾಗಲೇ ಅರಸೀಕೆರೆಯಿಂದ ಹೆಂಡತಿ ಸಾವಿತ್ರಿಯ ಫೋನು. ಬರುವ ಬುಧವಾರ, ಹದಿನೈದನೇ ತಾರೀಖು, ಅರೇಹಳ್ಳಿಯಲ್ಲಿ ಅವಳ ಅಕ್ಕನ ಮನೆಯ ಗೃಹಪ್ರವೇಶ. ಉಮಾಶಂಕರನಿಗೆ ರಜೆ ಸಿಕ್ಕಿರಲಿಲ್ಲ. ಅವಳೇ ತಾಯಿಯನ್ನೂ ಮಗಳನ್ನೂ ಕೂರಿಸಿಕೊಂಡು ಮನೆಯ ಕಾರು ಓಡಿಸಿಕೊಂಡು ಹೋಗುವುದೆಂದು ಮಾತಾಗಿತ್ತು.

"ರೀ, ಎಷ್ಟು ದಿನದಿಂದ ನಿಂತೈತೆ ಕಾರು. ಟೈರು ಒಂದ್ಸಲ ತೋರಿಸ್ಬಾರ್ದಾ?"

"ಹತ್ತೊಂಬತ್ತು ಸಾವಿರ ಕಿಲೋಮೀಟರೂ ಓಡಿಲ್ಲ ಕಣೇ ಅದು. ಬಟನ್ ಹಂಗೇ ಐತೆ. ಏನೂ ಆಗಲ್ಲ, ಇಡು."

ಟೈರಿನ ಮೇಲಿನ ಉಬ್ಬಿದ ಅಚ್ಚಿಗೆ ನಮ್ಮ ಕಡೆ ಬಟನ್ ಅಂತಾರೆ. ಎತ್ತು ಕೊಳ್ಳುವವನು ಹಲ್ಲು ನೋಡುವ ಹಾಗೆ ಟೈರಿಗೆ ಬಟನ್ ನೋಡುತ್ತಾರೆ. ಬಟನ್ ಇದ್ದರೆ ಟೈರು ಇದೆ ಅಂತ ಲೆಕ್ಕ. ಅದಕ್ಕಿಂತ ಹೆಚ್ಚು ಯಾರೂ ಬಗ್ಗಿ ನೋಡುವುದಿಲ್ಲ.

ಮಾರನೇ ದಿನ ಪುಷ್ಪರಾಜ್ ಸುತ್ತಲಿನ ಠಾಣೆಗಳಿಗೆಲ್ಲ ಫೋನು ಹಾಕಿದ. ಬಾಣಾವರದಲ್ಲಿ ಅಕ್ಟೋಬರ್ 5ಕ್ಕೆ ಇಂಥದ್ದೇ ಒಂದು, ಗಂಡಸಿಯಲ್ಲಿ 7ಕ್ಕೆ ಒಂದು. ಎರಡೂ ಹಾಡಹಗಲು. ಎರಡೂ ಕಡೆ ನಿಂಬೆಹಣ್ಣು. ಎರಡರಲ್ಲೂ ದೂರಿಲ್ಲ, ಬೀಟಿನವರ ಕಿವಿಗೆ ಬಿದ್ದ ಸುದ್ದಿ ಅಷ್ಟೇ.

ಗಂಡಸಿಯ ಮನೆ ತಮ್ಮಯ್ಯನದು, ತಾಲ್ಲೂಕು ಕಚೇರಿಯಿಂದ ನಿವೃತ್ತನಾದ ಗುಮಾಸ್ತ. 11.30ಕ್ಕೆ ಜೀಪು ನಿಂತಾಗ ಅಂಗಳದಲ್ಲಿ ಕಾರಿನ ಸುತ್ತ ಬೂದಿಯ ಗೆರೆ ಎಳೆದಿತ್ತು. ಮಾಟ ತೆಗೆಯುವವನನ್ನು ಕರೆಸಿದ್ದರು.

"ಪೊಲೀಸ್‌ಗೆ ಯಾಕ್ರೀ ಹೇಳಲಿಲ್ಲ?"

"ಮಾಟಕ್ಕೆ ಯಾವ ಸೆಕ್ಷನ್ ಹಾಕ್ತೀರಿ ಸಾರ್ ನೀವು?" ತಮ್ಮಯ್ಯನ ಕಣ್ಣಲ್ಲಿ ನೀರು. "ಹದಿನಾಲ್ಕು ವರ್ಷ ಕಾಪಾಡಿದ ಟೈರು. ಬಟನ್ ನೋಡಿ, ಅಂಗಡಿಯಿಂದ ನಿನ್ನೆ ತಂದಂಗೈತೆ. ನಾಲ್ಕೂ ಕೊಯ್ದವ್ನೆ. ಸಾಲದು ಅಂತ ಡಿಕ್ಕಿ ತೆಗೆದು ಸ್ಟೆಪ್ನೀನೂ ಕೊಯ್ದವ್ನೆ. ಒಂದು ದಿನ ನೆಲ ಮುಟ್ಟದ ಸ್ಟೆಪ್ನಿ ಸಾರ್!"

ಹಿಂದಿನಿಂದ ಹೆಂಡತಿ ಮುತ್ತಮ್ಮ ಸೆರಗು ಸಿಕ್ಕಿಸಿಕೊಂಡು ಬಂದಳು. "ಕಾಪಾಡದೆ ಏನು? ವರ್ಷಕ್ಕೊಂದು ಮದುವೆಗೆ ಹೋಗೋದು, ಬಂದು ಬಟ್ಟೆ ಹೊದಿಸಿ ಮಲಗಿಸೋದು. ನಂಗೆ ಜ್ವರ ಬಂದಾಗ ಒಂದು ಕಂಬಳಿ ಹೊದಿಸಿದ ಮಾರಾಯನಲ್ಲ ಇದು."

"ನೀನು ಒಳಗೋಗೇ!"

ದರ್ಶಿನಿ ಆಗಲೇ ಚಕ್ರದ ಬಳಿ ಕೂತಿದ್ದಳು. ಸೀಮೆಸುಣ್ಣದ ಸುತ್ತನ್ನು ಯಾರೋ ಸೆಗಣಿ ನೀರು ಹಾಕಿ ಉಜ್ಜಿದ್ದರು. ಆದರೂ ಅಂಕಿ ಹೋಗಿರಲಿಲ್ಲ. 4011.

"ಸರ್, ನಲವತ್ತನೇ ತಾರೀಖು ಯಾವ ತಿಂಗಳಲ್ಲಿ ಬರುತ್ತೆ?"

ಉಮಾಶಂಕರ್ ತಾನೂ ಬಗ್ಗಿ ಅಂಕಿ ನೋಡಿದ. ನಿನ್ನೆಯಿಂದ ಬೆನ್ನ ಮೇಲೆ ಕೂತಿದ್ದ ತಣ್ಣನೆಯದು ಯಾವುದೋ ಸ್ವಲ್ಪ ಸಡಿಲವಾದಂತಾಯಿತು. ಕೊಯ್ದ ಟೈರೊಂದನ್ನು ಜಪ್ತಿ ಮಾಡಿ ಜೀಪಿಗೆ ಹಾಕಿಸಿದ.

ಹನ್ನೊಂದನೇ ತಾರೀಖು ಬೆಳಿಗ್ಗೆ ಅದನ್ನು ಬೇಲೂರಿನಲ್ಲಿ ಟೈರು ಅಂಗಡಿ ಇಟ್ಟಿರುವ ಸಂತೋಷ್ ಮುಂದೆ ಉರುಳಿಸಿದರು. ಅವನು ಅಂಕಿಯ ಮೇಲೆ ಬೆರಳಿಟ್ಟ. "ಮೊದಲಿನ ಎರಡು ವಾರ, ಆಮೇಲಿನ ಎರಡು ವರ್ಷ. ಇದು ಹುಟ್ಟಿದ್ದು ಎರಡು ಸಾವಿರದ ಹನ್ನೊಂದು, ನಲವತ್ತನೇ ವಾರ."

"ಹದಿನಾರು ಹನ್ನೆರಡು ಅಂದ್ರೆ?"

"ಹನ್ನೆರಡನೇ ಇಸವಿ, ಹದಿನಾರನೇ ವಾರ. ಏಪ್ರಿಲ್ ಇರಬೇಕು."

ಪದ್ಮಲತಾ ಅವರ ಕಾರಿನಲ್ಲಿ ಕೊಯ್ಯದೆ ಬಿಟ್ಟ ಟೈರಿನ ಅಂಕಿಯನ್ನು ದರ್ಶಿನಿ ಪುಸ್ತಕ ತೆಗೆದು ಓದಿದಳು. 3023.

"ಅದು ಹೋದ ಹೋದ ವರ್ಷದ್ದು, ಹೊಸದು," ಅಂದ ಸಂತೋಷ್. ಆಮೇಲೆ ಸತ್ತ ಟೈರನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸಿದ. ಕಪ್ಪು ಪಾಲಿಷ್ ಹೊಳೆಯುತ್ತಿದ್ದ ಮೈ ಬಾಯಿ ಬಿಟ್ಟಿತು. ಬೇಸಿಗೆಯ ಕೆರೆಯಂಗಳದ ಹಾಗೆ ನೂರು ಬಿರುಕು. "ಓಡಿಸದಿದ್ರೆ ಟೈರು ಉಳೀತದೆ ಅಂದ್ಕೊಂಡವ್ರೆ ಜನ. ಓಡ್ತಾ ಇದ್ರೆ ಒಳಗಿನ ಜಿಡ್ಡು ಮೇಲೆ ಬಂದು ರಬ್ಬರು ಮೆತ್ತಗಿರ್ತದೆ. ನಿಂತಲ್ಲೇ ನಿಂತ್ರೆ ಒಣಗ್ತದೆ. ಮೇಲೆ ಕಪ್ಪು ಬಳಿದ್ರೆ ಗೊತ್ತಾಗಲ್ಲ. ಇದನ್ನ ಹಾಕ್ಕೊಂಡು ಎಂಬತ್ತರಲ್ಲಿ ಹೋದ್ರೆ ಊರು ಸೇರಲ್ಲ ಸಾರ್."

"ಅಂದ್ರೆ ಕೊಯ್ದವನು ಪುಣ್ಯಾತ್ಮನಾ?" ಉಮಾಶಂಕರ್ ಗುರ್ ಎಂದ.

"ನಂಗೊತ್ತಿಲ್ಲ. ಟೈರು ಓದೋಕೆ ಬರೋನು."

ವಾಪಸು ಬರುವಾಗ ಜೀಪಿನಲ್ಲಿ ಉಮಾಶಂಕರನಿಗೆ ಮನೆಯ ಕಾರಿನ ನೆನಪಾಯಿತು. ಕೊಂಡದ್ದು 2013ರಲ್ಲಿ. ಬಟನ್ ಚೆನ್ನಾಗಿಯೇ ಇದೆ ಎಂದು ತನಗೆ ತಾನೇ ಹೇಳಿಕೊಂಡ. ಅಂಗಡಿಯವನು ಮಾರುವುದಕ್ಕೆ ಮಾತಾಡುತ್ತಾನೆ, ಅವನ ಮಾತಿಗೆ ಟೈರು ಬದಲಾಯಿಸುತ್ತಾ ಕೂತರೆ ಆಯಿತು ಕತೆ ಎಂದುಕೊಂಡ. ಅಷ್ಟಕ್ಕೇ ಬಿಟ್ಟ.

ಅಕ್ಟೋಬರ್ 13, ಸೋಮವಾರ, ಮಧ್ಯಾಹ್ನ ಎರಡು ಗಂಟೆ. ದರ್ಶಿನಿ ಮೇಜಿನ ಮುಂದೆ ಬಂದು ನಿಂತಳು. ಭಾನುವಾರವೆಲ್ಲ ಅವಳು ಮೂರೂ ಮನೆಗೆ ಒಂದೇ ಪ್ರಶ್ನೆ ಕೇಳಿದ್ದಳು. ಕಾರಿನ ಪಕ್ಕ ನೆಲಕ್ಕೆ ಕೂತು ಟೈರು ನೋಡಿದ ಹೊರಗಿನವರು ಯಾರು?

"ಮೂರೂ ಮನೆಯವರು ಒಬ್ಬನ ಹೆಸರೇ ಹೇಳಿದ್ರು ಸರ್. ಆಯುಧ ಪೂಜೆಗೆ ಕಾರು ತೊಳೆದೋನು. ಅರಸೀಕೆರೆಯಿಂದ ಬೈಕಿಗೆ ಪಂಪು ಕಟ್ಕೊಂಡು ಊರೂರಿಗೆ ಬರ್ತಾನಂತೆ. ಹೋದಲ್ಲೆಲ್ಲ ಮನೆ ನಾಯಿಗೆ ಬಿಸ್ಕತ್ತು ಹಾಕ್ತಾನಂತೆ."

"ಅದಕ್ಕೇ ನಾಯಿ ಬೊಗಳಲಿಲ್ಲ," ಅಂದ ಪುಷ್ಪರಾಜ್.

"ಹೆಸರು?"

"ಸಿದ್ದಬಸಪ್ಪ."

ಉಮಾಶಂಕರ್ ಕುರ್ಚಿಯಿಂದ ಅರ್ಧ ಎದ್ದವನು ಹಾಗೇ ನಿಂತ. ಸೆಪ್ಟೆಂಬರ್ 30ರ ಬೆಳಿಗ್ಗೆ, ಅರಸೀಕೆರೆಯ ತನ್ನ ಮನೆಯ ಮುಂದೆ, ಮಂಡಿ ನೆನೆಸಿಕೊಂಡು ಕೂತಿದ್ದ ಸಣಕಲು ಮನುಷ್ಯ ಕಣ್ಣ ಮುಂದೆ ಬಂದ. ಆ ಮನುಷ್ಯ ಏನೋ ಹೇಳಿದ್ದ. ತಾನೂ ಏನೋ ಹೇಳಿದ್ದ.

ಆಗಲೇ ಫೋನು ಬಂತು. ಸಾವಿತ್ರಿ. ದನಿಯಲ್ಲಿ ಜೀವವೇ ಇರಲಿಲ್ಲ.

"ರೀ... ಪೋರ್ಟಿಕೋದಲ್ಲಿ ಯಾರೋ ಉಸಿರು ಬಿಟ್ಟಂಗಾಯ್ತು. ನಾಲ್ಕು ಸಲ. ಹೋಗಿ ನೋಡಿದ್ರೆ ಕಾರು ಕುಸಿದು ಕೂತೈತೆ. ನಿಂಬೆಹಣ್ಣು ಇಟ್ಟವ್ರೆ ಕಣ್ರೀ. ನಾನು ನಾಡಿದ್ದು ಹೆಂಗೆ ಹೋಗ್ಲಿ?"

ಮುಂದಿನ ಮುಕ್ಕಾಲು ಗಂಟೆ ಜೀಪು ಅರಸೀಕೆರೆಯ ದಾರಿಯಲ್ಲಿತ್ತು. ಉಮಾಶಂಕರನೇ ಓಡಿಸುತ್ತಿದ್ದ, ಹಲ್ಲು ಕಡಿಯುತ್ತ. ಪೊಲೀಸಿನವನ ಮನೆಗೆ ಕೈ ಹಾಕಿದ್ದಾನೆ, ಚರ್ಮ ಸುಲಿಯುತ್ತೇನೆ ಎಂದು ಒಂದು ಸಲ ಅಂದ.

ಅರಸೀಕೆರೆ ಠಾಣೆಗೆ ತಿಳಿಸಿ, ಅಲ್ಲಿನ ಇಬ್ಬರು ಕಾನ್‌ಸ್ಟೇಬಲ್‌ಗಳನ್ನು ಕರೆದುಕೊಂಡು ಸಂಜೆ 4.05ಕ್ಕೆ ರೈಲು ಹಳಿಯ ಹಿಂದಿನ ಓಣಿ ಹೊಕ್ಕರು. ಒಂದೇ ಕೋಣೆಯ ಮನೆ. ಬಾಗಿಲು ತೆರೆದಿತ್ತು. ಹೊರಗೆ ಬೈಕು, ಬೈಕಿಗೆ ಪಂಪು. ಒಳಗೆ ಸಿದ್ದಬಸಪ್ಪ ಗೋಡೆಗೆ ಒರಗಿ ಕೂತಿದ್ದ, ಬರುತ್ತಾರೆಂದು ಗೊತ್ತಿದ್ದವನ ಹಾಗೆ.

ಅವನ ಕತ್ತಿನ ಪಟ್ಟಿಗೆ ಕೈ ಹಾಕಲು ನುಗ್ಗಿದ ಉಮಾಶಂಕರ್ ಹೊಸಿಲಲ್ಲೇ ನಿಂತುಬಿಟ್ಟ.

ದೇವರ ಪಟ ಇರಬೇಕಾದ ಮೂಲೆಯಲ್ಲಿ ಒಂದು ಟೈರು ನಿಲ್ಲಿಸಿತ್ತು. ಅರ್ಧ ಭಾಗ ಕನ್ನಡಿಯ ಹಾಗೆ ಕರ್ರಗೆ ಹೊಳೆಯುತ್ತಿತ್ತು, ಪಾಲಿಷ್ ಇನ್ನೂ ಹಸಿ. ಉಳಿದರ್ಧ ಬೂದುಬಣ್ಣ, ಉದ್ದಕ್ಕೂ ಬಿರುಕು, ಒಂದು ಕಡೆ ಹರಿದು ತಂತಿ ಹೊರಬಂದಿತ್ತು. ಟೈರಿನ ನಡುವಿನ ಖಾಲಿಯಲ್ಲಿ ಒಬ್ಬ ಹೆಂಗಸಿನ ಫೋಟೋ. ಫೋಟೋಗೆ ಮಲ್ಲಿಗೆ. ಕೋಣೆಯ ತುಂಬ ಪಾಲಿಷಿನ ವಾಸನೆ.

"ಯಾರಯ್ಯ ಅದು?" ಉಮಾಶಂಕರ್ ಕೇಳಿದ.

"ಮಹದೇವಮ್ಮ ಸಾ. ನನ್ನ ಹೆಂಡ್ರು."

"ಟೈರು ಕೊಯ್ದಿದ್ದು ನೀನೇನಾ?"

"ನಾನೇ."

"ಎಷ್ಟು?"

"ನಾಲ್ಕು ಕಾರು. ಇನ್ನೂ ಏಳು ಅವೆ."

"ಚಾಕು?"

ಸಿದ್ದಬಸಪ್ಪ ಪಂಪಿನ ಚೀಲ ತೋರಿಸಿದ. ಬಾಗಿದ ಸಣ್ಣ ಚಾಕು, ಸೀಮೆಸುಣ್ಣ, ಕುಂಕುಮದ ಪೊಟ್ಟಣ, ಏಳೆಂಟು ನಿಂಬೆಹಣ್ಣು. ಪುಷ್ಪರಾಜ್ ಪಂಚರ ಸಮಕ್ಷಮ ಒಂದೊಂದೇ ಬರೆದುಕೊಂಡ.

"ಯಾಕೆ ಮಾಡ್ದೆ? ಹೇಳು."

"ಹೋದ ವರ್ಷ ಪೂಜೆಗೆ ಇದೇ ಊರಲ್ಲಿ ಒಂದು ಕಾರು ತೊಳೆದೆ ಸಾ. ಮಹದೇವಮ್ಮ ಅವ್ರ ಮನೇಲಿ ಅಡಿಗೆಗಿದ್ಲು. ಟೈರು ಬಿರುಕು ಬಿಟ್ಕೊಂಡಿತ್ತು. ಹೇಳ್ದೆ. ಬಟನ್ ಐತೆ ಬಿಡೋ, ಕಪ್ಪು ಹಚ್ಚು ಅಂದ್ರು. ಹಚ್ದೆ. ಚೆನ್ನಾಗೇ ಹಚ್ದೆ ಸಾ. ಒಂದು ಬಿರುಕು ಕಾಣ್ದಂಗೆ." ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ಉಗುರಿನ ಸಂದಿಯೆಲ್ಲ ಕಪ್ಪು. "ಎರಡು ದಿನಕ್ಕೆ ಅವ್ರು ಯಾವ್ದೋ ಮದುವೆಗೆ ಹೊರಟ್ರು. ಇವಳ್ನೂ ಕರ್ಕಂಡ್ರು. ಕಾರು ಹತ್ತೋವಾಗ ಅವಳು ಟೈರು ನೋಡಿ, ಏನ್ರೀ ಹೊಸಾದು ಹಾಕ್ಸವ್ರಾ ಅಂತ ಕೇಳಿದ್ಲು. ನಾನು ನಕ್ಕೆ. ಬೇಲೂರು ದಾಟಿ ಆರು ಮೈಲಿಗೆ ಸಿಡೀತು."

ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹೋಯಿತು.

"ನಿಂಬೆಹಣ್ಣು ಯಾಕೆ?" ದರ್ಶಿನಿ ಕೇಳಿದಳು.

"ಪೂಜೆ ದಿನ ಹಣ್ಣು ತುಳಿಸಿ ಗಾಡಿ ಹೊರಡಿಸ್ತೀವಲ್ಲ ಅವ್ವಾ. ಒಡೀದೆ ಇರೋ ಹಣ್ಣು ಮುಂದೆ ಕೂತಿದ್ರೆ ಗಾಡಿ ಹೊರಡಬಾರ್ದು ಅಂತ. ಸುತ್ತು ಹಾಕಿದ್ದು ಅಂಕಿ ನೋಡ್ಲಿ ಅಂತ. ಯಾರೂ ನೋಡಲಿಲ್ಲ. ಸೆಗಣಿ ಹಾಕಿ ತೊಳೆದ್ರು."

"ಬಾಯಲ್ಲಿ ಹೇಳೋಕೆ ಏನಾಗಿತ್ತಯ್ಯ ನಿಂಗೆ?" ಉಮಾಶಂಕರ್ ಕಿರುಚಿದ. "ಮನುಷ್ಯ ಭಾಷೇಲಿ ಹೇಳೋಕೆ?"

ಸಿದ್ದಬಸಪ್ಪ ಮೊದಲ ಸಲ ತಲೆಯೆತ್ತಿ ಅವನ ಮುಖ ನೋಡಿದ. ದನಿ ಏರಿಸಲಿಲ್ಲ.

"ಹೇಳಿದ್ನಲ್ಲ ಸಾ ನಿಮಗೆ. ನಿಮ್ಮ ಮನೆ ಮುಂದೆ. ನೀವು ಕಾಫಿ ಕುಡೀತಾ ನಿಂತಿದ್ರಿ."

ಉಮಾಶಂಕರ್ ಪುಷ್ಪರಾಜನನ್ನೂ ನೋಡಲಿಲ್ಲ, ದರ್ಶಿನಿಯನ್ನೂ ನೋಡಲಿಲ್ಲ. ತಾನು ಏನು ಹೇಳಿದ್ದೆ ಎನ್ನುವುದು ಈಗ ಪೂರ್ತಿ ನೆನಪಾಗಿತ್ತು. ಬಟನ್ ಐತೆ ಬಿಡಯ್ಯ, ಕಪ್ಪು ಹಚ್ಚು.

ಸಂಜೆ 5.40ಕ್ಕೆ ದಸ್ತಗಿರಿ. ಕೈಗೆ ಕೋಳ ಹಾಕಲು ಬಂದ ಕಾನ್‌ಸ್ಟೇಬಲನಿಗೆ ಉಮಾಶಂಕರ್ ಬೇಡ ಎಂದು ಕೈ ಆಡಿಸಿದ.

ಅರಸೀಕೆರೆ ಠಾಣೆಯಲ್ಲಿ ತನ್ನ ಕಾರಿನ ದೂರನ್ನು ತಾನೇ ಕೈಬರಹದಲ್ಲಿ ಬರೆದುಕೊಟ್ಟು ಮನೆಗೆ ಹೋದ. ಪೋರ್ಟಿಕೋದಲ್ಲಿ ಮಂಡಿಯೂರಿ ಮುಂದಿನ ಟೈರಿನ ಪಕ್ಕಕ್ಕೆ ಹೆಬ್ಬೆರಳು ಒತ್ತಿದ. ರಬ್ಬರು ಹಳೇ ಹಪ್ಪಳದ ಹಾಗೆ ಚಕ್ಕೆಯೆದ್ದು ಬಂತು. ಹೆಬ್ಬೆರಳು ಕಪ್ಪಾಯಿತು. ಸುತ್ತಿನ ಒಳಗೆ 0913 ಎಂದಿತ್ತು. ಸಾವಿತ್ರಿ ಬಾಗಿಲಲ್ಲಿ ನಿಂತಿದ್ದಳು.

ಬುಧವಾರ ಅವಳು ತಾಯಿ, ಮಗಳ ಜೊತೆ ಬಸ್ಸು ಹತ್ತಿದಳು. ಹನ್ನೊಂದೂವರೆಗೆ ಫೋನು ಬಂತು. "ತಲುಪಿದ್ವಿ ಕಣ್ರೀ. ಬಸ್ಸಲ್ಲಿ ನಿಂತು ನಿಂತು ಅಮ್ಮನ ಕಾಲು ಊದೈತೆ, ನಿಮಗೆ ಬಯ್ತಾವ್ರೆ." ಬಯ್ಯಲಿ ಅಂದ. ಫೋನು ಕಟ್ ಆದ ಮೇಲೂ ಸ್ವಲ್ಪ ಹೊತ್ತು ಅದನ್ನು ಹಿಡಿದೇ ಕೂತಿದ್ದ.

ಆರೋಪಿ ಅಷ್ಟರಲ್ಲಿ ನ್ಯಾಯಾಂಗ ಬಂಧನಕ್ಕೆ ಹೋಗಿಯಾಗಿತ್ತು. ಮಂಗಳವಾರ ನ್ಯಾಯಾಲಯದ ಹೊರಗೆ ವ್ಯಾನು ಹತ್ತುವ ಮುಂಚೆ ಸಿದ್ದಬಸಪ್ಪ ಕೇಳಿದ್ದು ಒಂದೇ. "ಆ ಏಳನ್ನ ಯಾರು ನೋಡ್ತಾರೆ ಸಾ? ದೀಪಾವಳಿ ಬಂತು. ಎಲ್ಲ ಊರಿಗೆ ಹೊರಡ್ತಾರೆ." ಏಳು ಮನೆಯ ಗುರುತನ್ನೂ ಬಾಯಲ್ಲೇ ಹೇಳಿದ್ದ. ದರ್ಶಿನಿ ಬರೆದುಕೊಂಡಿದ್ದಳು. ಬುಧವಾರ ಬೆಳಿಗ್ಗೆಯೇ ಅವಳು ಆ ಚೀಟಿ ಹಿಡಿದು ಸ್ಕೂಟರಿನಲ್ಲಿ ಹೊರಟಿದ್ದಳು.

ಸಂಜೆ ನಾಲ್ಕೂವರೆಗೆ ಅವಳ ಫೋನು.

"ಏಳೂ ಮನೆ ಆಯ್ತು ಸರ್. ಒಬ್ಬರು ಬದಲಾಯಿಸ್ತೀನಿ ಅಂದ್ರು. ಒಬ್ಬರ ಮನೇಲಿ ಬೀಗ."

"ಮಿಕ್ಕೋರು?"

"ನಗ್ತಾರೆ ಸರ್. ಬಟನ್ ಐತಲ್ಲಮ್ಮ ಅಂತಾರೆ."

ಉಮಾಶಂಕರ್ ಫೋನು ಕೆಳಗಿಟ್ಟ. ಬಯ್ಯಬೇಕೆಂದು ಬಾಯಿ ತೆರೆದ. ಬಯ್ಯಲು ಯಾರೂ ಇರಲಿಲ್ಲ. ಮೇಜಿನ ಮೇಲೆ ಅರಗಿನ ಮೊಹರು ಹಾಕಿದ ಪೊಟ್ಟಣವಿತ್ತು. ಮುದ್ದೆಮಾಲು ಕ್ರಮಾಂಕ ಒಂದು, ಬಾಗಿದ ಚಾಕು. ತನ್ನ ಕೈ ಯಾವಾಗ ಹೋಗಿ ಅದರ ಮೇಲೆ ಕೂತಿತ್ತೋ ಅವನಿಗೆ ಗೊತ್ತಾಗಿರಲಿಲ್ಲ. ಹೆಬ್ಬೆರಳಿನ ಕಪ್ಪು ಎರಡು ದಿನವಾದರೂ ಹೋಗಿರಲಿಲ್ಲ.